ಪೇೞ್, ಹೇಳು, ಯೋಳು

ಲ್ಯಾಟಿನ್ನಿನ ಒಂದು ಕ್ರಿಯಾಪದ ಸ್ಪೇನಿನಲ್ಲಿ ಸವೆಸಿದ ದಾರಿಯನ್ನೇ ಕನ್ನಡದ ಒಂದು ಕ್ರಿಯಾಪದ ಹಳೇ ಮೈಸೂರಿನಲ್ಲಿ ಸವೆಸಿದೆ. ಅಲ್ಲಿ ಅದಕ್ಕೆ ಗದ್ದುಗೆ ಸಿಕ್ಕಿತು, ಇಲ್ಲಿ ಗೇಲಿ. ಬಾಗಲಗುಂಟೆಯ ಬೀದಿಯಲ್ಲಿ ಕಿವಿಗೊಟ್ಟು ನಿಂತರೆ ಆ ದಾರಿಯ ಒಂದೊಂದು ಮಜಲೂ ಕೇಳಿಸುತ್ತದೆ.

ಎಂಟನೇ ಮೈಲಿಯಲ್ಲಿ ತುಮಕೂರು ರಸ್ತೆ ಬಿಟ್ಟು ಹೆಸರಘಟ್ಟ ರಸ್ತೆ ಹಿಡಿದರೆ ಸ್ವಲ್ಪ ದೂರಕ್ಕೇ ಬಾಗಲಗುಂಟೆ. ಒಂದು ಕಾಲಕ್ಕೆ ಹಳ್ಳಿ, ಆಮೇಲೆ ದಾಸರಹಳ್ಳಿ ನಗರಸಭೆ, 2007ರಿಂದ ಬೆಂಗಳೂರು ಮಹಾನಗರದ ಒಳಗು. ಪೀಣ್ಯದ ಕಾರ್ಖಾನೆಗಳನ್ನು ನಂಬಿ ಬಂದವರ ಊರು ಇದು. ತುಮಕೂರು, ಮಂಡ್ಯ, ಹಾಸನದ ಕಡೆಯವರು ಮೊದಲು ಬಂದರು. ಬಾಗಲಕೋಟೆ, ರಾಯಚೂರು, ಕಲಬುರಗಿಯವರು ಹಿಂದೆಯೇ ಬಂದರು. ತಮಿಳು, ತೆಲುಗು ಮನೆಮಾತಿನವರು ಮೊದಲಿನಿಂದಲೂ ಇದ್ದಾರೆ. ಬೆಳಗ್ಗೆ ಹಾಲಿನ ಬೂತಿನ ಮುಂದೆ ನಿಂತು ಜನ ಅರ್ಧ ಲೀಟರ್ ಪ್ಯಾಕೆಟ್ ಕೇಳುವುದನ್ನು ಗಮನಿಸಿ. ಧರ್ಮಪುರಿ ಕಡೆಯ ಅಜ್ಜಿಗೆ ಅದು ‘ಪಾಲ್’. ಮಡಕಶಿರಾದ ಹೆಣ್ಣುಮಗಳಿಗೆ ‘ಪಾಲು’. ಬಾಗಲಕೋಟೆಯ ಹುಡುಗನಿಗೆ ‘ಹಾಲು’. ಕುಣಿಗಲ್ ಕಡೆಯ ಆಟೊ ಅಣ್ಣನಿಗೆ ‘ಆಲು’.

ಒಂದು ಬೂತಿನ ಮುಂದೆ, ಐದು ನಿಮಿಷದಲ್ಲಿ, ಸಾವಿರ ವರ್ಷಕ್ಕೂ ಮೀರಿದ ನುಡಿಚರಿತ್ರೆ ಸಾಲಾಗಿ ನಿಂತಿರುತ್ತದೆ. ತಮಿಳು, ತೆಲುಗು, ತುಳುಗಳು ಕಾಪಾಡಿಕೊಂಡ ಹಳೆಯ ಪಕಾರ ಕನ್ನಡದಲ್ಲಿ ಹಕಾರವಾಯಿತು. ಆ ಹಕಾರವೂ ಹಳೇ ಮೈಸೂರಿನ ಬಹುಪಾಲು ಜನರ ಬಾಯಲ್ಲಿ ಕರಗಿಹೋಯಿತು. ಪೂ, ಹೂವು, ಊವು. ಪತ್ತು, ಹತ್ತು, ಅತ್ತು. ಪಳ್ಳಿ, ಹಳ್ಳಿ, ಅಳ್ಳಿ. ಮೆಟ್ರೊದ ಧ್ವನಿವರ್ಧಕ ‘ದಾಸರಹಳ್ಳಿ’ ಎಂದು ಹಕಾರವನ್ನು ಬಿಡಿಸಿ ಹೇಳುತ್ತದೆ. ಕೆಳಗೆ ರಸ್ತೆಯಲ್ಲಿ ಕಂಡಕ್ಟರ್ ‘ದಾಸ್ರಳ್ಳಿ, ದಾಸ್ರಳ್ಳಿ’ ಎಂದು ಕೂಗುತ್ತಾನೆ.

ಇದೇ ದಾರಿಯಲ್ಲಿ ನಡೆದ ಮಾತುಗಳಲ್ಲಿ ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿರುವುದು ‘ಹೇಳು’. ಹಳಗನ್ನಡದಲ್ಲಿ ‘ಪೇೞ್’. ನಡುಗನ್ನಡದಿಂದ ಇತ್ತ ‘ಹೇಳು’. ಮಾಗಡಿ, ಮಂಡ್ಯ, ಚಾಮರಾಜನಗರದ ಬಾಯಲ್ಲಿ ‘ಏಳು’, ‘ಯೇಳು’, ‘ಯೋಳು’. ಸ್ಪ್ಯಾನಿಷ್ ಭಾಷೆಯಲ್ಲಿ ಇದೇ ಅರ್ಥಕ್ಕೆ ತೀರ ಹತ್ತಿರದ, ಇದೇ ರೀತಿ ಮೂರು ಮಜಲು ದಾಟಿದ ಒಂದು ಕ್ರಿಯಾಪದ ಇದೆ ಎಂದು ಗೊತ್ತಾದಾಗ ನನಗಾದ ಸಂತೋಷವನ್ನು ಓದುಗರ ಜೊತೆ ಹಂಚಿಕೊಳ್ಳಬೇಕೆನಿಸಿತು. ಸಂತೋಷದ ಹಿಂದೆ ಒಂದು ಸಂಕಟವೂ ಇದೆ. ಅದನ್ನೂ ಹೇಳುತ್ತೇನೆ.

ಕತೆಯಿಂದ ಹುಟ್ಟಿದ ಮಾತು

ನಮ್ಮ ಬೀದಿಯಲ್ಲಿ ಡಿಗ್ರಿ ಮುಗಿಸಿದ ಒಬ್ಬ ಹುಡುಗಿ ಫೋನಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಬೆಂಗಳೂರಿನ ಕಂಪನಿಗಳಲ್ಲಿ ಆ ಭಾಷೆ ಬಲ್ಲವರಿಗೆ ಕೆಲಸವಿದೆ. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ ಬೆಳೆದ ಮೇಲೆ ಅವಳು ಮಂಜುನಾಥನಗರದಲ್ಲೇ ಮೆಟ್ರೊ ಹತ್ತುತ್ತಾಳೆ, ಇಳಿಯುವವರೆಗೂ ಕಿವಿಯಲ್ಲಿ ಪಾಠ. ‘ಮಾತಾಡು’ ಎಂಬ ಕ್ರಿಯಾಪದ ಅವಳಿಗೆ ಶುರುವಿನಲ್ಲೇ ಬಂತು. ಬರೆಯುವಾಗ ಎಚ್ ಅಕ್ಷರದಿಂದ ಬರೆಯಬೇಕು, ಓದುವಾಗ ‘ಆಬ್ಲಾರ್’ ಅನ್ನಬೇಕು. ಹಕಾರ ಬಾಯಿಂದ ಹೊರಟರೆ ತಪ್ಪು.

ಅವಳ ಮನೆಯವರು ಮಾಗಡಿ ಕಡೆಯವರು. ತಾಯಿ ಇಂದಿಗೂ ‘ಅದೇನ್ ಯೋಳವ್ವ’ ಅಂತಲೇ ಮಾತಾಡಿಸುವುದು. ಮೂರನೇ ಕ್ಲಾಸಿನಲ್ಲಿ ಅವಳನ್ನು ಬೋರ್ಡಿನ ಮುಂದೆ ನಿಲ್ಲಿಸಿ ಹಾವು, ಹೂವು, ಹೇಳು ಎಂದು ಹತ್ತಾರು ಸಲ ಅನ್ನಿಸಿದ್ದರಂತೆ. ಕ್ಲಾಸೆಲ್ಲ ನಕ್ಕಿತ್ತು. ‘ಆಂಟಿ, ಅಲ್ಲಿ ಹ ಅಂದ್ರೆ ತಪ್ಪು, ಇಲ್ಲಿ ಅನ್ನದೇ ಇದ್ರೆ ತಪ್ಪು’ ಎಂದು ಅವಳು ಮೆಟ್ಟಿಲ ಮೇಲೆ ಕೂತು ಹೇಳಿದ ಮಾತು ಈ ಲೇಖನಕ್ಕೆ ಮೂಲ.

ಆಬ್ಲಾರ್‌ನ ಹುಟ್ಟು ಲ್ಯಾಟಿನ್ನಿನಲ್ಲಿದೆ. ರೋಮಿನ ಪಂಡಿತರು ‘ಮಾತಾಡು’ ಎಂಬುದಕ್ಕೆ ಬಳಸುತ್ತಿದ್ದ ಪದ ‘ಲೋಕ್ವಿ’. ಸಿಸೆರೊನಂಥ ವಾಗ್ಮಿಗಳ ಬರಹದ ಪದ ಅದು. ಬೀದಿಯಲ್ಲಿ, ಮನೆಯಲ್ಲಿ ಓಡಾಡುತ್ತಿದ್ದದ್ದು ‘ಫಾಬುಲಾರಿ’. ‘ಫಾಬುಲಾ’ ಅಂದರೆ ಕತೆ; ಇಂಗ್ಲಿಷಿನ ‘ಫೇಬಲ್’ ಕೂಡ ಅದರ ಕುಡಿಯೇ. ಫಾಬುಲಾರಿ ಅಂದರೆ ಕತೆ ಹೇಳು, ಹರಟು, ನಾಲ್ಕು ಮಾತಾಡು. ಕ್ರಿಸ್ತಪೂರ್ವ 200ರ ಆಸುಪಾಸಿನಲ್ಲಿ ಪ್ಲಾಟಸ್ ಬರೆದ ಹಾಸ್ಯನಾಟಕಗಳಲ್ಲಿ, ಬೀದಿಯ ಮಂದಿ ಮಾತಾಡುವ ಕಡೆ, ಈ ಪದ ಸಿಗುತ್ತದೆ.

ಪಂಡಿತರ ಲೋಕ್ವಿ ಯಾವ ಮಗಳು ಭಾಷೆಯ ದಿನಬಳಕೆಗೂ ಇಳಿದು ಬರಲಿಲ್ಲ. ಫ್ರಾನ್ಸ್, ಇಟಲಿಗಳಲ್ಲಿ ಚರ್ಚಿನ ಮೂಲಕ ಬಂದ ‘ಪರಾಬೊಲಾ’, ಅಂದರೆ ದೃಷ್ಟಾಂತ ಕತೆ, ಕ್ರಿಯಾಪದವಾಗಿ ಪಾರ್ಲೆ, ಪಾರ್ಲಾರೆ ಆಯಿತು. ನಮ್ಮ ಬಾಯಲ್ಲಿ ದಿನವೂ ಬರುವ ಪಾರ್ಲಿಮೆಂಟು ಆ ಮನೆತನದ್ದು. ಸ್ಪೇನ್, ಪೋರ್ಚುಗಲ್ ಇರುವ ಐಬೀರಿಯಾದಲ್ಲಿ ಫಾಬುಲಾರಿ ಉಳಿಯಿತು. ಪೋರ್ಚುಗೀಸರಲ್ಲಿ ಅದು ‘ಫಲಾರ್’, ಫಕಾರ ಇದ್ದಂತೆಯೇ ಇದೆ. ಪಕ್ಕದಲ್ಲಿ, ಸ್ಪ್ಯಾನಿಷಿನ ತವರಾದ ಕ್ಯಾಸ್ಟೈಲಿನಲ್ಲಿ, ಮೊದಲು ‘ಫಬ್ಲಾರ್’. ಎಲ್ ಸಿಡ್ ಎಂಬ ವೀರನ ಹಳೆಯ ಕಾವ್ಯದಲ್ಲಿ ಹೀಗೇ ಫಕಾರದಿಂದಲೇ ಇದೆ. ಆಮೇಲೆ ‘ಹಬ್ಲಾರ್’. ಈಗ ‘ಆಬ್ಲಾರ್’. ಹಿಟ್ಟಿಗೆ ಲ್ಯಾಟಿನ್ನಿನಲ್ಲಿದ್ದ ‘ಫಾರಿನಾ’ ಈಗ ‘ಆರಿನಾ’, ‘ಮಾಡು’ ಎಂಬುದಕ್ಕಿದ್ದ ‘ಫಾಕೆರೆ’ ಈಗ ‘ಆಸೆರ್’. ಕನ್ನಡದ ಪಕ್ಕದಲ್ಲಿ ತಮಿಳು, ತೆಲುಗು ಪಕಾರ ಹಿಡಿದುಕೊಂಡು ನಿಂತ ಹಾಗೆ ಸ್ಪ್ಯಾನಿಷಿನ ಪಕ್ಕದಲ್ಲಿ ಪೋರ್ಚುಗೀಸ್ ಫಕಾರ ಹಿಡಿದುಕೊಂಡು ನಿಂತಿದೆ.

ಆ ಪೋರ್ಚುಗೀಸರ ಮೂಲಕವೇ ಲ್ಯಾಟಿನ್ ನಮ್ಮ ಮನೆಗಳಿಗೂ ಬಂದಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಮೇಜು, ಚಾವಿ, ಪಾದ್ರಿ, ಇಗರ್ಜಿ ಎಲ್ಲವೂ ಗೋವೆಯ ಕಡೆಯಿಂದ ಇಳಿದ ಮಾತುಗಳು. ಬಾಗಲಗುಂಟೆಯ ಬಾಡಿಗೆ ಮನೆಯಲ್ಲಿ ರಾಯಚೂರಿನ ತಾಯಿ ಮಗನಿಗೆ ‘ಚಾವಿ ಎಲ್ಲಿಟ್ಟಿ’ ಎಂದು ಕೇಳುವಾಗ ಲ್ಯಾಟಿನ್ನಿನ ‘ಕ್ಲಾವಿಸ್’ ಆಕೆಯ ಬಾಯಲ್ಲಿರುತ್ತದೆ.

ತುಟಿಯಿಂದ ಉಸಿರಿಗೆ

ಪಕಾರ ಹಕಾರವಾಗುವುದು ಹೇಗೆ? ಪ ಅನ್ನಲು ಎರಡು ತುಟಿ ಮುಚ್ಚಿ, ಉಸಿರನ್ನು ತಡೆದು, ಒಮ್ಮೆಲೇ ಬಿಡಬೇಕು. ತುಟಿಗಳ ಹಿಡಿತ ಸಡಿಲಾದಾಗ ತಡೆ ಹೋಗಿ ಉಸಿರೊಂದೇ ಉಳಿಯುತ್ತದೆ. ಆ ಉಸಿರೇ ಹಕಾರ. ಲ್ಯಾಟಿನ್ನಿನ ಫಕಾರದಲ್ಲಿ ಹಲ್ಲು ತುಟಿಗೆ ತಾಗುವುದು ಸಡಿಲಾದಾಗಲೂ ಉಳಿದದ್ದು ಅದೇ ಉಸಿರು. ಅದು ಇನ್ನಷ್ಟು ತೆಳುವಾದರೆ ಬರಿ ಸ್ವರ. ಜಪಾನೀ ಭಾಷೆಯ ಪಕಾರವೂ ಹಕಾರಕ್ಕೆ ಹೊರಳಿತು, ಒತ್ತಿ ಹೇಳುವಲ್ಲಿ ಮಾತ್ರ ಪ ಉಳಿಯಿತು. ಆ ದೇಶಕ್ಕೆ ಅವರದೇ ಭಾಷೆಯಲ್ಲಿ ‘ನಿಹೋನ್’, ‘ನಿಪ್ಪೋನ್’ ಎಂದು ಎರಡು ರೂಪ ಇರುವುದು ಅದಕ್ಕೇ. ಕನ್ನಡದಲ್ಲೂ ಅಪ್ಪ, ಉಪ್ಪು, ಹೆಪ್ಪು ಎಂಬಲ್ಲಿ ಒತ್ತಿನ ಪಕಾರಕ್ಕೆ ಏನೂ ಆಗಲಿಲ್ಲ. ಐರಿಷ್ ಭಾಷೆಯವರ ಪೂರ್ವಜರು ಪದದ ಮೊದಲ ಪಕಾರವನ್ನು ಪೂರ್ತಿ ಕಳೆದುಕೊಂಡರು. ಲ್ಯಾಟಿನ್ನಿನಲ್ಲಿ ‘ಪಾಟೆರ್’ ಎನಿಸಿಕೊಂಡ ತಂದೆ ಅಲ್ಲಿ ‘ಅಹಿರ್’.

ಕನ್ನಡದ ಈ ಪಯಣಕ್ಕೆ ಕಲ್ಲಿನ ಸಾಕ್ಷಿ ಇದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಗುರುತಿಸಿದ, ಸುಮಾರು 450ರದೆನ್ನುವ ಶಾಸನದಲ್ಲಿ ಆ ಊರಿನ ಹೆಸರೇ ‘ಪಲ್ಮಿಡಿ’. ಕನ್ನಡದ ಮೊದಲ ಶಾಸನಗಳ ಮಾತು ಬಂದಾಗಲೆಲ್ಲ ನಾವು ಹೆಸರಿಸುವ ಊರು ತಾನೇ ಪಕಾರದಿಂದ ಹಕಾರಕ್ಕೆ ಬಂದದ್ದು. ಇನ್ನೂ ಹತ್ತಿರ ಬೇಕೆಂದರೆ ಹೆಬ್ಬಾಳಕ್ಕೆ ಹೋಗಬಹುದು. ಗಂಗರ ಶ್ರೀಪುರುಷನ ಕಾಲದ, ಸುಮಾರು 750ರ ಕಿಟ್ಟಯ್ಯನ ವೀರಗಲ್ಲು ಅಲ್ಲಿ 2018ರಲ್ಲಿ ಬೆಳಕಿಗೆ ಬಂತು. ಅದರಲ್ಲಿ ಬರುವ ಹೆಸರು ‘ಪೆರ್ಬೊಳಲ್’, ದೊಡ್ಡ ಪೊೞಲು, ದೊಡ್ಡ ಊರು. ಆ ಪೆರ್ಬೊಳಲೇ ಇಂದಿನ ಹೆಬ್ಬಾಳವೆಂದು ಸಂಶೋಧಕರು ಗುರುತಿಸಿದ್ದಾರೆ. ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಾವು ದಿನವೂ ಬೈಯುವ ಆ ಹೆಸರಿನೊಳಗೆ ಪಕಾರ ಹಕಾರವಾದ ಗುರುತು ಇದೆ.

ಶಾಸನಗಳಲ್ಲಿ 10ನೇ ಶತಮಾನದಿಂದ ಅಲ್ಲಲ್ಲಿ ಹಕಾರ ಇಣುಕುತ್ತದೆ. ಮುಂದಿನ ಎರಡು ಮೂರು ಶತಮಾನ ಎರಡೂ ರೂಪಗಳು ಒಂದೇ ಕಲ್ಲಿನ ಮೇಲೆ ಕೂಡ ಸಿಗುತ್ತವೆ. ಈ ಬದಲಾವಣೆಗಳ ಲೆಕ್ಕ ಹಿಡಿಯಲು ಕೂತ ವಿದ್ವಾಂಸರ ಶ್ರಮ ದೊಡ್ಡದು. ಹಳೆಯ ಶಾಸನಗಳ ವ್ಯಾಕರಣದ ಮೇಲೆ ಎ.ಎನ್. ನರಸಿಂಹಯ್ಯನವರ ಪುಸ್ತಕ 1941ರಲ್ಲಿ ಬಂತು, ಜಿ.ಎಸ್. ಗಾಯಿಯವರದು 1946ರಲ್ಲಿ. ಇವರಿಬ್ಬರಿಗೂ ಮೊದಲು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಹಕಾರದ ಪುಟ ತೆರೆದರೆ ಸಾಕು, ಪದಪದಕ್ಕೂ ಅದರ ಪಕಾರದ ರೂಪವನ್ನು ತೋರಿಸುತ್ತಾ ಹೋಗಿದ್ದಾರೆ ಆ ಮಹಾನುಭಾವರು.

‘ಪೇೞ್’ ಎಂಬುದರ ಕೊನೆಯಲ್ಲಿರುವ ‘ೞ’ ಅಕ್ಷರಕ್ಕೂ ಒಂದು ಕತೆಯಿದೆ. ತಮಿಳರು ‘ತಮಿೞ್’ ಅನ್ನುವಾಗ ಕೊನೆಯಲ್ಲಿ ನಾಲಿಗೆ ಮಡಚಿ ಹೊರಡಿಸುವ ಸದ್ದು ಅದು. ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ಈ ಅಕ್ಷರ ಬರುವ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಬಾಯಲ್ಲಿ ಸಹಜವಾಗಿ ಇದ್ದಿದ್ದರೆ ಪಟ್ಟಿ ಬೇಕಿರಲಿಲ್ಲ. ಅವನ ಕಾಲದ ಕನ್ನಡಿಗರ ನಾಲಿಗೆ ಆಗಲೇ ‘ಳ’ ಅನ್ನತೊಡಗಿತ್ತು. ಅಂದರೆ ಇಂದು ನಾವು ಶುದ್ಧವೆಂದು ಹೇಳುವ ‘ಹೇಳು’ ಎಂಬ ಪದದಲ್ಲಿ ಮೊದಲ ವ್ಯಂಜನವೂ ಹೊಸದು, ಕೊನೆಯದೂ ಹೊಸದು. ಕೇಶಿರಾಜನ ತಕ್ಕಡಿಯಲ್ಲಿ ತೂಗಿದರೆ ‘ಹೇಳು’ ಅನ್ನುವ ಮೇಷ್ಟರೂ ‘ಯೋಳು’ ಅನ್ನುವ ಮಗುವೂ ಒಂದೇ ಕಡೆ ನಿಲ್ಲುತ್ತಾರೆ.

ಒಂದೇ ಪದ ಎರಡಾಗಿ ಕವಲೊಡೆದದ್ದೂ ಉಂಟು. ‘ಪಡೆ’ ಅಂದರೆ ಹೊಂದು. ಅದೇ ‘ಹಡೆ’ ಆದಾಗ ಹೆರು. ಮಗುವನ್ನು ಪಡೆದವಳು ಹಡೆದವ್ವ. ಪುಸ್ತಕದ ಭಾಷೆ ಪಕಾರವನ್ನು ಇಟ್ಟುಕೊಂಡಿತು, ಬಾಣಂತಿ ಕೋಣೆಯ ಭಾಷೆ ಹಕಾರವನ್ನು. ಸ್ಪ್ಯಾನಿಷಿನಲ್ಲೂ ಹಾಗೆಯೇ: ಜನರ ಬಾಯಲ್ಲಿ ಸವೆದ ಆಬ್ಲಾರ್ ಒಂದು ಕಡೆ, ಲ್ಯಾಟಿನ್ ಪುಸ್ತಕಗಳಿಂದ ಮತ್ತೆ ಎತ್ತಿಕೊಂಡ ‘ಫಾಬುಲಾ’ ಇನ್ನೊಂದು ಕಡೆ.

ಮೂವರು ಕತೆಗಾರರು

ಫಾಬುಲಾರಿಯ ಹೊಟ್ಟೆಯಲ್ಲಿ ಕತೆ ಇದೆ ಎಂದೆ. ಕನ್ನಡದಲ್ಲೂ ಈ ಕ್ರಿಯಾಪದದ ನಿಜವಾದ ಮನೆ ಕತೆಯೇ. 941ರಲ್ಲಿ ಪಂಪ ವಿಕ್ರಮಾರ್ಜುನ ವಿಜಯದಲ್ಲಿ ಭಾರತವನ್ನು ‘ಪೇೞ್’ದ. ಹಳಗನ್ನಡದಲ್ಲಿ ಕಾವ್ಯವನ್ನು ರಚಿಸುವುದಕ್ಕೂ ಪೇೞ್ ಎಂಬ ಮಾತೇ ಇತ್ತು. 15ನೇ ಶತಮಾನದಲ್ಲಿ ಗದುಗಿನ ಕುಮಾರವ್ಯಾಸ ಅದೇ ಭಾರತವನ್ನು ‘ಹೇಳಿ’ದ. ಮಳವಳ್ಳಿ, ಕೊಳ್ಳೇಗಾಲದ ಸೀಮೆಯಲ್ಲಿ ಮಂಟೇಸ್ವಾಮಿ ಕತೆ ಹಾಡುವ ನೀಲಗಾರರು, ಮಾದೇಶ್ವರನ ಕತೆ ಹಾಡುವ ಕಂಸಾಳೆಯವರು ಇಂದಿಗೂ ರಾತ್ರಿಯಿಡೀ ಕತೆ ‘ಯೋಳು’ತ್ತಾರೆ. ಮೂರು ರೂಪಕ್ಕೂ ಮೂರು ದೊಡ್ಡ ಪರಂಪರೆ ಬೆನ್ನಿಗಿದೆ. ಮೊದಲಿನ ಎರಡಕ್ಕೆ ಪಠ್ಯಪುಸ್ತಕದಲ್ಲಿ ಜಾಗ ಸಿಕ್ಕಿದೆ. ಮೂರನೆಯದನ್ನು ಜಾನಪದವೆಂಬ ಬೇರೆ ಪಂಕ್ತಿಯಲ್ಲಿ ಕೂರಿಸಿದ್ದೇವೆ.

ಬರಹಗಾರರು ಇದನ್ನು ಗುರುತಿಸದೇ ಇಲ್ಲ. ಜಿ.ಪಿ. ರಾಜರತ್ನಂ ಅವರು ಸಂಸ್ಕೃತ, ಪಾಳಿ ಬಲ್ಲ ಪಂಡಿತರು. ಆದರೂ ತಮ್ಮ ಕುಡುಕನ ಬಾಯಿಗೆ ‘ಯೆಂಡ’ ಎಂಬ ಹಕಾರವಿಲ್ಲದ ಮಾತನ್ನೇ ಕೊಟ್ಟರು. ರತ್ನನ ಪದಗಳ ಜೀವ ಇರುವುದೇ ಅಲ್ಲಿ. ದೇವನೂರ ಮಹಾದೇವ ‘ಕುಸುಮಬಾಲೆ’ಯನ್ನು ನಂಜನಗೂಡು ಸೀಮೆಯ ನುಡಿಯಲ್ಲೇ ಬರೆದರು, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನುಡಿಯರಿಮೆಯ ಕಡೆಯಿಂದ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕ ಬರೆದು, ಜನ ಆಡುವ ಕನ್ನಡಕ್ಕೂ ಅದರದೇ ಕಟ್ಟುಪಾಡು ಇದೆ ಎಂದು ಜೀವಮಾನವಿಡೀ ವಾದಿಸಿದರು.

ಆ ಕಟ್ಟುಪಾಡಿಗೆ ‘ಯೋಳು’ ಒಳ್ಳೆಯ ಉದಾಹರಣೆ. ಹ ಹೋದ ಮೇಲೆ ಪದ ‘ಏ’ಯಿಂದ ಶುರುವಾಗುತ್ತದೆ. ಪದದ ಮೊದಲಿಗೆ ಎ, ಏ ಬಂದರೆ ಕನ್ನಡಿಗರ ಬಾಯಲ್ಲಿ ಯಕಾರದ ಒಂದು ಎಳೆ ತಾನಾಗಿ ಸೇರುತ್ತದೆ. ಎಲ್ಲಿ ಎಂಬುದನ್ನು ಎಲ್ಲರೂ ‘ಯೆಲ್ಲಿ’ ಅನ್ನುವುದಿಲ್ಲವೇ? ಹಾಗೆ ‘ಯೇಳು’. ಮುಂದೆ ನಾಲಿಗೆ ಮಡಚುವ ಳಕಾರ ಕಾದಿರುವುದರಿಂದ ಸ್ವರ ಹಿಂದಕ್ಕೆ ಸರಿದು ‘ಯೋಳು’. ಪ್ರತಿ ಹೆಜ್ಜೆಗೂ ಕಾರಣವಿದೆ. ಇದನ್ನು ಸೋಮಾರಿ ನಾಲಿಗೆ ಎನ್ನುವವರು ಒಂದು ಸಲ ಕೂತು ಈ ಲೆಕ್ಕ ಬಿಡಿಸಿ ನೋಡಬೇಕು.

ಪೀಣ್ಯದ ಶೆಡ್ಡುಗಳಲ್ಲಿ ಈ ಕ್ರಿಯಾಪದದ ಇನ್ನೊಂದು ಹಳೆಯ ಅರ್ಥ ಜೀವಂತವಾಗಿದೆ. ಹಳಗನ್ನಡದ ಪೇೞ್ ಎಂಬುದಕ್ಕೆ ಅಪ್ಪಣೆ ಕೊಡು ಎಂಬ ಅರ್ಥವೂ ಇತ್ತು. ನಾವು ಇವತ್ತು ‘ಹೇಳಿ ಮಾಡಿಸಿದ ಹಾಗಿದೆ’ ಅನ್ನುವಾಗ, ‘ಹೇಳಿ ಕಳಿಸಿದ್ದೆ’ ಅನ್ನುವಾಗ ಇಣುಕುವುದು ಅದೇ. ನನಗೆ ಪರಿಚಯದ ಒಂದು ಜಾಬ್ ವರ್ಕ್ ಶೆಡ್ಡಿನಲ್ಲಿ ಎರಡು ಲೇತ್, ಒಂದು ಡ್ರಿಲ್ಲಿಂಗ್ ಮಷಿನ್. ಮಾಲೀಕರು ಗುಬ್ಬಿ ಕಡೆಯವರು, ಟರ್ನರ್ ಹುಡುಗ ಜಮಖಂಡಿಯವನು. ಹಿತ್ತಾಳೆಯ ಬುಶ್ ಒಂದನ್ನು ಬೆರಳುಗಳ ನಡುವೆ ತಿರುಗಿಸುತ್ತಾ ಮಾಲೀಕರು, ‘ಪಾರ್ಟಿ ಯೋಳ್ದಂಗೇ ಮಾಡು ಕಣಪ್ಪ, ಒಳಗಿನ್ ಡಯಾ ಜಾಸ್ತಿ ಆಗ್ಬಾರ್ದು’ ಅನ್ನುತ್ತಾರೆ. ಹುಡುಗ ಮೈಕ್ರೋಮೀಟರನ್ನು ಬಟ್ಟೆಯಲ್ಲಿ ಒರೆಸಿ, ‘ನೀವ್ ಹೇಳಿದಂಗ ಮಾಡೀನ್ರಿ ಅಣ್ಣಾರ, ನೋಡ್ರಿ’ ಎಂದು ಅಳತೆ ಮುಂದಿಡುತ್ತಾನೆ. ಇಬ್ಬರ ನಡುವೆ ಹಕಾರ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಬುಶ್ಶಿನ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಬರುವುದಿಲ್ಲ.

ಈ ಕ್ರಿಯಾಪದಕ್ಕೆ ನಾವು ಕೊಟ್ಟಿರುವ ಕೆಲಸಗಳನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಪಾಠ ಹೇಳುತ್ತೇವೆ, ಬುದ್ಧಿ ಹೇಳುತ್ತೇವೆ, ಕಣಿ ಹೇಳುತ್ತೇವೆ, ಹಾಡನ್ನು ಕೂಡ ಹೇಳುತ್ತೇವೆ. ಮದುವೆಗೆ ಕರೆಯಲು ಮನೆಮನೆಗೆ ಹೋಗಿ ಹೇಳಿ ಬರುತ್ತೇವೆ. ಫೋನು ಎತ್ತಿದ ತಕ್ಷಣ ಬರುವ ಮಾತೂ ‘ಹೇಳಿ’, ‘ಹೇಳ್ರಿ’, ‘ಯೋಳಣ್ಣ’. ಸ್ಪೇನಿನಲ್ಲೂ ಫೋನೆತ್ತಿದವರು ‘ದೀಗಾ’ ಅನ್ನುತ್ತಾರೆ. ಅರ್ಥ ‘ಹೇಳಿ’ ಎಂದೇ, ಲ್ಯಾಟಿನ್ನಿನ ‘ದೀಕೆರೆ’ ಅದರ ಮೂಲ.

ಹಕಾರದ ಅಹಂಕಾರ

ಈಗ ಸಂಕಟದ ಮಾತು. ಹಕಾರ ಬಿಟ್ಟು ಮಾತಾಡುವವರನ್ನು ಕಂಡು ನಗುವುದು ಕನ್ನಡ ಸಿನಿಮಾಕ್ಕೆ, ಕಾಮಿಡಿ ಷೋಗಳಿಗೆ, ಕಾಲೇಜು ಕ್ಯಾಂಟೀನುಗಳಿಗೆ ಸುಲಭದ ದಾರಿಯಾಗಿದೆ. ಆ ನಗುವಿಗೆ ಹೆದರಿ ಹಕಾರ ಇಲ್ಲದಲ್ಲೂ ಅದನ್ನು ಹಚ್ಚಿ ‘ಹಕ್ಕಿಯನ್ನ ತೊಳೆದು ಹನ್ನ ಮಾಡು’ ಎಂಬಂಥ ಮಾತು ಹುಟ್ಟುತ್ತದೆ. ಅದಕ್ಕೆ ಇನ್ನೂ ಜೋರು ನಗು. ಹೆದರಿದ ನಾಲಿಗೆ ತಡವರಿಸಿದ್ದಕ್ಕೆ ನಗುವುದು ಕ್ರೌರ್ಯ.

ಈ ಕ್ರೌರ್ಯಕ್ಕೂ ಎರಡು ಸಾವಿರ ವರ್ಷ ವಯಸ್ಸಾಗಿದೆ. ಲ್ಯಾಟಿನ್ನಿನ ಸ್ವಂತದ ಹಕಾರ ಜನರ ಬಾಯಲ್ಲಿ ಬಹಳ ಬೇಗ ಕರಗತೊಡಗಿತ್ತು. ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ಕಟುಲ್ಲಸ್ ಎಂಬ ಕವಿ ಅರಿಯಸ್ ಎಂಬವನ ಮೇಲೆ ಒಂದು ಚಿಕ್ಕ ಕವಿತೆ ಬರೆದು ಲೇವಡಿ ಮಾಡಿದ. ದೊಡ್ಡವರಂತೆ ಮಾತಾಡಬೇಕೆಂಬ ಆಸೆಗೆ ಅರಿಯಸ್ ಬೇಡದ ಕಡೆಯೆಲ್ಲ ಹಕಾರ ಸೇರಿಸುತ್ತಿದ್ದ, ಕೊನೆಗೆ ಅಯೋನಿಯನ್ ಸಮುದ್ರಕ್ಕೂ ಒಂದು ಹಕಾರ ಅಂಟಿಸಿಬಿಟ್ಟ ಎಂಬುದು ಕವಿತೆಯ ತಿರುಳು. ನಮ್ಮ ‘ಹಕ್ಕಿ–ಅಕ್ಕಿ’ ಜೋಕಿನ ಅಣ್ಣ ಅದು.

ನಾಲ್ಕು ಶತಮಾನಗಳ ಮೇಲೆ ಇನ್ನೊಬ್ಬರು ಇದೇ ಹಕಾರದ ಬಗ್ಗೆ ಬರೆದರು. ಉತ್ತರ ಆಫ್ರಿಕಾದಲ್ಲಿ ಹುಟ್ಟಿ, ಲ್ಯಾಟಿನ್ ವಾಗ್ಮಿತೆಯ ಮೇಷ್ಟರಾಗಿದ್ದು, ಮುಂದೆ ಬಿಷಪ್ ಆದ ಸಂತ ಅಗಸ್ಟೀನ್. 400ರ ಆಸುಪಾಸಿನಲ್ಲಿ ಬರೆದ ತಮ್ಮ ಆತ್ಮನಿವೇದನೆಯ ಮೊದಲ ಭಾಗದಲ್ಲಿ ಅವರು ಶಾಲೆಯ ದಿನಗಳನ್ನು ನೆನೆಯುತ್ತಾರೆ. ‘ಮನುಷ್ಯ’ ಎಂಬ ಅರ್ಥದ ‘ಹೋಮೋ’ ಪದವನ್ನು ಹಕಾರವಿಲ್ಲದೆ ಉಚ್ಚರಿಸಿದರೆ ಜನ ಸಿಡಿಮಿಡಿಗೊಳ್ಳುತ್ತಾರೆ. ಒಬ್ಬ ಮನುಷ್ಯ ಇನ್ನೊಬ್ಬನನ್ನು ದ್ವೇಷಿಸಿದರೆ ಅವರಿಗೆ ಅಷ್ಟು ಕೆಡುಕೆನಿಸುವುದಿಲ್ಲ ಎಂಬುದು ಅವರ ನೋವು. ವ್ಯಾಕರಣ ಕಲಿಸಿಯೇ ಹೊಟ್ಟೆ ಹೊರೆದವರ ಮಾತಿದು. ಬೋರ್ಡಿನ ಮುಂದೆ ನಿಂತ ಮೂರನೇ ಕ್ಲಾಸಿನ ಹುಡುಗಿಯ ಪರವಾಗಿ ಇದಕ್ಕಿಂತ ಚೆನ್ನಾಗಿ ಯಾರೂ ವಾದಿಸಲಾರರು.

ಸ್ಪೇನಿನಲ್ಲಿ ಮುಂದೆ ನಡೆದದ್ದು ಇನ್ನೂ ಕಣ್ಣು ತೆರೆಸುವಂಥದ್ದು. ಫಕಾರ ಹಕಾರವಾದದ್ದು ಮೊದಲು ಉತ್ತರದ ಗುಡ್ಡಗಾಡಿನ ಕ್ಯಾಸ್ಟೈಲಿನಲ್ಲಿ, ಬಾಸ್ಕ್ ಜನರ ನೆರೆಯಲ್ಲಿ. ಬಾಸ್ಕ್ ಭಾಷೆಗೆ ಫಕಾರ ಹೊಂದದ್ದರಿಂದಲೇ ಹೀಗಾಯಿತೆಂದು 1926ರಲ್ಲಿ ರಮೋನ್ ಮೆನೆಂದೆಜ್ ಪಿದಾಲ್ ಎಂಬ ವಿದ್ವಾಂಸರು ದೊಡ್ಡ ಗ್ರಂಥವೊಂದರಲ್ಲಿ ವಾದಿಸಿದರು. ಎಲ್ಲರೂ ಅದನ್ನು ಒಪ್ಪಿಲ್ಲ, ವಾದ ಇನ್ನೂ ನಡೆದಿದೆ. ಶುರುವಿನಲ್ಲಿ ಈ ಹಕಾರ ಒರಟರ ಉಚ್ಚಾರಣೆ. ಆದರೆ ಆ ಒರಟರ ರಾಜ್ಯ ದಕ್ಷಿಣಕ್ಕೆ ಬೆಳೆಯಿತು, 1085ರಲ್ಲಿ ತೊಲೇದೊ ನಗರ ಅವರ ಕೈಸೇರಿತು, ಅವರ ಬಾಯಿಯೇ ರಾಜಭಾಷೆಯಾಯಿತು. 1492ರಲ್ಲಿ ನೆಬ್ರಿಹಾ ಎಂಬ ಪಂಡಿತ ಆ ಭಾಷೆಗೆ ವ್ಯಾಕರಣ ಬರೆದಾಗ ಹಕಾರ ಇನ್ನೂ ಉಸಿರಾಗಿ ಕೇಳಿಸುತ್ತಿತ್ತು. ಉತ್ತರದವರು ಅಷ್ಟರಲ್ಲಿ ಅದನ್ನೂ ಬಿಡತೊಡಗಿದ್ದರು. 1561ರಲ್ಲಿ ಅರಮನೆ ಮ್ಯಾಡ್ರಿಡ್‌ಗೆ ಬಂತು, ಉತ್ತರದ ಮಂದಿ ರಾಜಧಾನಿಯಲ್ಲಿ ತುಂಬಿದರು, ಹಕಾರವಿಲ್ಲದ ಮಾತೇ ಶಿಷ್ಟವಾಯಿತು. 1713ರಲ್ಲಿ ಹುಟ್ಟಿದ ರಾಜ ಅಕಾಡೆಮಿ ಬರಹದಲ್ಲಿ ಅಕ್ಷರವನ್ನು ಉಳಿಸಿತು, ಬಾಯಿಯ ತಂಟೆಗೆ ಹೋಗಲಿಲ್ಲ.

ಹಕಾರವನ್ನು ಬಿಡದೆ ಉಳಿಸಿಕೊಂಡವರೂ ಸ್ಪೇನಿನಲ್ಲಿ ಇದ್ದಾರೆ, ಆಂದಲೂಸಿಯಾ ಮತ್ತು ಎಸ್ತ್ರೆಮದೂರಾದ ಹಳ್ಳಿಗರು. ‘ಆಳವಾದ’ ಎಂಬುದನ್ನು ಉಳಿದವರು ‘ಓಂದೊ’ ಅಂದರೆ ಅವರು ‘ಹೋಂದೊ’ ಅನ್ನುತ್ತಾರೆ. ಅವರ ಹಾಡಿನ ಪರಂಪರೆಗೆ ಲೋಕವೆಲ್ಲ ಕೊಟ್ಟ ಹೆಸರು ‘ಕಾಂತೆ ಹೋಂದೊ’. ಅಲ್ಲಿ ಹಳ್ಳಿಗಮಾರ ಎನಿಸಿಕೊಳ್ಳುವುದು ಹಕಾರ ಹೇಳುವವನು. ಇಲ್ಲಿ ಹಕಾರ ಬಿಡುವವನು. ಹಕಾರಕ್ಕೆ ಸ್ವಂತದ ಕುಲವಿಲ್ಲ, ಗೌರವವಿಲ್ಲ. ಅಧಿಕಾರ ಯಾರ ಕೈಯಲ್ಲಿತ್ತೋ ಅವರ ಬಾಯಿ ಶುದ್ಧವಾಯಿತು. ಹಳೇ ಮೈಸೂರಿನ ಒಕ್ಕಲಿನವರ, ಕುರಿ ಕಾಯುವವರ, ಕೂಲಿಯವರ ಬಾಯಿಗೆ ಆ ಅದೃಷ್ಟ ಬರಲಿಲ್ಲ. ಬಂದಿದ್ದರೆ ಇವತ್ತು ಬೇರೆ ಸೀಮೆಯವರು ಬೆಂಗಳೂರಿಗೆ ಬಂದು ಹಕಾರ ನುಂಗುವುದನ್ನು ಅಭ್ಯಾಸ ಮಾಡುತ್ತಿದ್ದರು.

ಬರಹದಲ್ಲಿ ಹಕಾರವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ, ಕಾಸರಗೋಡಿನವರೆಗೆ ಎಲ್ಲರೂ ಓದಬೇಕಾದ ಬರಹಕ್ಕೆ ಒಂದು ರೂಪ ಬೇಕು. ‘ಹೇಳು’ ಎಂದೇ ಬರೆಯೋಣ, ಮಕ್ಕಳಿಗೂ ಹಾಗೇ ಬರೆಯಲು ಕಲಿಸೋಣ. ಸ್ಪ್ಯಾನಿಷ್ ಮಕ್ಕಳು ಇಲ್ಲದ ಹಕಾರವನ್ನು ಬರೆಯಲು ಕಲಿಯುವ ಹಾಗೆ ನಮ್ಮ ಮಕ್ಕಳೂ ಕಲಿಯುತ್ತಾರೆ. ಡಿಕ್ಟೇಶನ್ನಿನಲ್ಲಿ ‘ಆವು’ ಎಂದು ಬರೆದರೆ ತಿದ್ದುವುದು ಮೇಷ್ಟರ ಕೆಲಸ. ಮಾತಾಡುವಾಗ ‘ಆವು’ ಅಂದರೆ ಮಗುವನ್ನು ಬೋರ್ಡಿನ ಮುಂದೆ ನಿಲ್ಲಿಸುವುದು ಯಾರ ಕೆಲಸವೂ ಅಲ್ಲ.

ಬಾಗಲಗುಂಟೆಯಂಥ ಊರಿನ ಶಾಲೆಗಳಿಗೆ ಇಲ್ಲಿ ಒಂದು ಭಾಗ್ಯ ಇದೆ. ಬೇರೆ ಕಡೆ ನಿಘಂಟು ಹುಡುಕಿ ಕಲಿಸಬೇಕಾದದ್ದು ಇಲ್ಲಿ ಬೆಂಚಿನ ಮೇಲೆ ಕೂತಿದೆ. ಐದನೇ ಕ್ಲಾಸಿನ ಮಕ್ಕಳಿಗೆ ಮನೆಗೆಲಸವಾಗಿ ಹತ್ತು ಪದ ಕೊಡಬಹುದು: ಹಾಲು, ಹೂವು, ಹಲ್ಲು, ಹಾವು, ಹುಲಿ, ಹಂದಿ, ಹಣ್ಣು, ಹತ್ತು, ಹೋಗು, ಹೇಳು. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಇದನ್ನು ಹೇಗೆ ಅನ್ನುತ್ತಾರೆ, ಕೇಳಿಕೊಂಡು ಬನ್ನಿ. ಮರುದಿನ ಬೋರ್ಡಿನ ಮೇಲೆ ಪ, ಹ, ಬರಿ ಸ್ವರ ಎಂದು ಮೂರು ಕಾಲಂ ಎಳೆದರೆ ತಮಿಳು ಮನೆಯ ಮಗು ‘ಪಾಂಬು’ ಅನ್ನುತ್ತದೆ, ತೆಲುಗು ಮನೆಯದು ‘ಪಾಮು’, ವಿಜಯಪುರದ್ದು ‘ಹಾವು’, ಕುಣಿಗಲ್ಲಿನದು ‘ಆವು’. ಮೇಷ್ಟರು ನಾಲ್ಕನ್ನೂ ಬರೆದುಕೊಂಡು, ಹಲ್ಮಿಡಿ ಒಂದು ಕಾಲಕ್ಕೆ ಪಲ್ಮಿಡಿಯಾಗಿತ್ತು ಎಂದು ತಿಳಿಸಿ, ಉಳಿದ ಪದಗಳನ್ನು ತುಂಬಲು ಮಕ್ಕಳ ಕೈಗೆ ಸೀಮೆಸುಣ್ಣ ಕೊಡಬಹುದು.